ಕಾರಿನೊಳಗಣ ಕಣ್ಣು

ತನ್ನ ನಡಿಗೆಯನ್ನು ತಾನೇ ಕಂಡ ಮನುಷ್ಯನು ಲೋಕದಲ್ಲಿ ಅಪರೂಪ. ಕನ್ನಡಿಯ ಮುಂದೆ ಮುಖವನ್ನು ಕಾಣುತ್ತೇವೆ, ನಿಜ. ಆದರೆ ಆಗ ನಾವು ನಿಂತಿರುತ್ತೇವೆ, ಮೇಲಾಗಿ ನೋಡಿಕೊಳ್ಳಬೇಕೆಂದೇ ನಿಂತಿರುತ್ತೇವೆ. ಕೆಲಸದಲ್ಲಿ ಮುಳುಗಿರುವಾಗ ಕೈ ಏನು ಮಾಡಿತು, ಕಣ್ಣು ಎತ್ತ ಹೋಯಿತು ಎಂದು ಆಮೇಲೆ ಯಾರಾದರೂ ಕೇಳಿದರೆ, ನಡೆದಿರಬೇಕೆಂದು ನಮಗೆ ತೋರಿದುದನ್ನೇ ನಡೆದ ಸಂಗತಿಯೆಂದು ಹೇಳಿಬಿಡುತ್ತೇವೆ. ಸುಳ್ಳಾಡುವ ಉದ್ದೇಶವೇನೂ ಇರುವುದಿಲ್ಲ. ಮನಸ್ಸಿನ ಸ್ವಭಾವವೇ ಹಾಗೆ. ಈ ಮಾತು ನಮಗೆ ಬಹುಕಾಲದಿಂದ ತಿಳಿದಿದ್ದರೂ, ಅದರ ಅರ್ಥವು ಚೆನ್ನಾಗಿ ಮನದಟ್ಟಾದುದು ಕಳೆದ ಮಾಘಮಾಸದಲ್ಲಿ, ಅಂಗೈಯಗಲದ ಒಂದು ಕ್ಯಾಮೆರಾದ ದೆಸೆಯಿಂದ. ಆ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ಮನಸ್ಸಾಗಿದೆ.

ನಮ್ಮ ಮಗನಿಗೆ ಇಪ್ಪತ್ತೆಂಟು ವರ್ಷ. ಬೆಂಗಳೂರಿನಲ್ಲಿ ಉದ್ಯೋಗ. ದುಶ್ಚಟಗಳೇನೂ ಇಲ್ಲ, ಆದರೆ ಕಾರನ್ನು ವೇಗವಾಗಿ ಓಡಿಸಬೇಕೆಂಬ ಹಂಬಲವೊಂದು ಎಳೆತನದಿಂದಲೂ ಅವನನ್ನು ಬಿಟ್ಟಿಲ್ಲ. ಈ ಹಂಬಲವು ಊರ ಬೀದಿಯಲ್ಲಿ ತೀರತಕ್ಕದ್ದಲ್ಲವೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಆದುದರಿಂದ ಅವನು ಎರಡು ವರ್ಷಗಳ ಕೆಳಗೆ ‘ಟ್ರ್ಯಾಕ್ ಡೇ’ ಎಂಬುದನ್ನು ಹಿಡಿದನು. ಓಟದ ಪಂದ್ಯಗಳಿಗಾಗಿಯೇ ಕಟ್ಟಿದ ಹಾದಿಯನ್ನು ಪಂದ್ಯವಿಲ್ಲದ ದಿನಗಳಲ್ಲಿ ಸಾಮಾನ್ಯರಿಗೆ ಹಣಕ್ಕೆ ತೆರೆದಿಡುತ್ತಾರೆ. ಅಲ್ಲಿ ಎದುರಿನಿಂದ ಬರುವ ಲಾರಿಯಿಲ್ಲ, ಅಡ್ಡ ಬರುವ ದನವಿಲ್ಲ, ಶಾಲೆ ಬಿಟ್ಟು ಓಡಿಬರುವ ಮಕ್ಕಳಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಓಡಿಸುತ್ತಾರೆ. ತಲೆಗೆ ಹೆಲ್ಮೆಟ್ ಇರಲೇಬೇಕು. ತಿರುವುಗಳಲ್ಲಿ ಬಾವುಟ ಹಿಡಿದ ಕಾವಲಿನವರು ನಿಂತಿರುತ್ತಾರೆ. ಗೆಲ್ಲುವುದೂ ಸೋಲುವುದೂ ಅಲ್ಲಿಲ್ಲ. ಅವನು ಅಲ್ಲಿಗೆ ಹೋಗತೊಡಗಿದ ಮೇಲೆ ಊರೊಳಗಿನ ಅವನ ಓಡಿಸುವಿಕೆ ನಿಧಾನವಾಯಿತೆಂಬುದನ್ನು ನಾವು ಪಕ್ಕದಲ್ಲಿ ಕುಳಿತು ಕಂಡಿದ್ದೇವೆ.

ಆದರೆ ತಾಯಿಯ ಜೀವ ಇಷ್ಟಕ್ಕೆ ಸಮಾಧಾನಗೊಳ್ಳುವುದೇ? ಕಳೆದ ದೀಪಾವಳಿಗೆ ಮೊದಲು ಹೋಗಿದ್ದಾಗ ಒಂದು ತಿರುವಿನಲ್ಲಿ ಕಾರು ಬುಗುರಿಯಂತೆ ಸುತ್ತಿ ಹುಲ್ಲಿನ ಮೇಲೆ ಹಿಮ್ಮುಖವಾಗಿ ನಿಂತಿತು. ಮೈಗಾಗಲಿ ಕಾರಿಗಾಗಲಿ ಗಾಯವಾಗಲಿಲ್ಲ. ಬ್ರೇಕು ಒಂದು ಕಡೆಗೆ ಎಳೆಯಿತೆಂದು ಮಗನು ಹೇಳಿದನು. ಮೆಕ್ಯಾನಿಕ್ಕು ನಾಲ್ಕು ಚಕ್ರಗಳನ್ನೂ ಬಿಚ್ಚಿ ನೋಡಿ ಬ್ರೇಕಿನಲ್ಲಿ ದೋಷವೇ ಇಲ್ಲವೆಂದನು. ಮಗನು ಒಪ್ಪಲಿಲ್ಲ. ಹಾಗಾದರೆ ಕಾರಣವೇನು? ಕಾರಣ ತಿಳಿಯದ ಅಪಾಯವು ತಿಳಿದ ಅಪಾಯಕ್ಕಿಂತ ದೊಡ್ಡದು. “ಏಕೆ ಸುತ್ತಿತೆಂದು ಗೊತ್ತಾಗುವವರೆಗೆ ಹೋಗಕೂಡದು” ಎಂದು ನಮ್ಮ ಮನೆಯವರು ಕಡ್ಡಿ ಮುರಿದಂತೆ ಹೇಳಿದರು. “ಹೋಗದೆ ಗೊತ್ತಾಗುವುದು ಹೇಗಮ್ಮ?” ಎಂದು ಮಗನು ಕೇಳಿದನು. ಕಡೆಗೆ ನಾವು ನಡುವೆ ಬಂದು ಒಪ್ಪಂದವೊಂದನ್ನು ಮಾಡಿದೆವು: ಇನ್ನೊಮ್ಮೆ ಹೋಗುವುದು, ಜೊತೆಯಲ್ಲಿ ನಾವೂ ಹೋಗುವುದು, ಕಾರಿನೊಳಗೆ ಕ್ಯಾಮೆರಾ ಇಟ್ಟು ನಡೆದುದನ್ನೆಲ್ಲ ಹಿಡಿದು ತರುವುದು. ಕ್ಯಾಮೆರಾವನ್ನು ಅಣಿಗೊಳಿಸುವ ಹೊಣೆ ನಮ್ಮದಾಯಿತು.

ಈ ಹೊಣೆಯನ್ನು ನಾವಾಗಿಯೇ ಮೇಲೆ ಹಾಕಿಕೊಂಡುದಕ್ಕೆ ಸ್ವಲ್ಪ ಹೆಮ್ಮೆಯೂ ಕಾರಣ. ನಮ್ಮ ಬಾಲ್ಯದಲ್ಲಿ ಮನೆಯಲ್ಲೊಂದು ಆಗ್ಫಾ ಕ್ಲಿಕ್-೩ ಕ್ಯಾಮೆರಾ ಇದ್ದಿತು. ಒಂದು ಸುರುಳಿಗೆ ೧೨ ಚಿತ್ರ. ಬಿಸಿಲು, ಮೋಡ ಎಂದು ಎರಡೇ ಗುರುತು. ಅದರಲ್ಲಿ ಮದುವೆ, ಮುಂಜಿ, ನಾಮಕರಣಗಳನ್ನೆಲ್ಲ ತೆಗೆದು, ಬಂಧುಗಳಲ್ಲಿ ನಾವು ಚಿತ್ರಗಾರರೆನಿಸಿಕೊಂಡಿದ್ದೆವು. ಚಲಿಸುವುದನ್ನು ಹಿಡಿಯುವ ಹುಚ್ಚು ಮಾತ್ರ ನಮಗಿಂತ ಮೊದಲೇ ಲೋಕಕ್ಕೆ ಹಿಡಿದಿತ್ತು. ೧೯೬೬ರಲ್ಲಿ ತೆರೆಗೆ ಬಂದ ‘ಗ್ರ್ಯಾಂಡ್ ಪ್ರಿ’ ಎಂಬ ಚಲಚ್ಚಿತ್ರಕ್ಕಾಗಿ ನಿರ್ದೇಶಕ ಜಾನ್ ಫ್ರಾಂಕನ್‌ಹೈಮರನು ಭಾರಿ ಕ್ಯಾಮೆರಾಗಳನ್ನು ಓಟದ ಕಾರುಗಳಿಗೇ ಬಿಗಿಸಿದನು. ೧೯೭೯ರಲ್ಲಿ ಆಸ್ಟ್ರೇಲಿಯದ ಬ್ಯಾಥರ್ಸ್ಟ್ ಪಂದ್ಯದಲ್ಲಿ ಓಡುತ್ತಿದ್ದ ಕಾರಿನೊಳಗಿನಿಂದಲೇ ಮನೆಮನೆಯ ಟೆಲಿವಿಷನ್ನಿಗೆ ಚಿತ್ರ ಬಂದಿತು. ೧೯೮೫ರ ಜರ್ಮನ್ ಗ್ರ್ಯಾಂಡ್ ಪ್ರಿಯಲ್ಲಿ ಫ್ರಾನ್ಸಿನ ರೆನೋ ತಂಡದವರು ಎಸ್ನೋ ಎಂಬಾತನಿಗೆ ಮೂರನೆಯ ಕಾರೊಂದನ್ನು ಕೊಟ್ಟು, ಅದರಲ್ಲಿ ಕ್ಯಾಮೆರಾ ಇರಿಸಿದ್ದರು. ಕಾರು ಕೆಲವೇ ಸುತ್ತುಗಳಲ್ಲಿ ಕೆಟ್ಟು ನಿಂತಿತು. ಅದು ಬೇರೆ ಮಾತು.

ಅವೆಲ್ಲ ದೊಡ್ಡವರ ಕೆಲಸ. ಸಾಮಾನ್ಯನ ಕೈಗೆ ಇಂಥ ಕ್ಯಾಮೆರಾ ಬಂದುದು ನಿಕ್ ವುಡ್‌ಮನ್ ಎಂಬ ಅಮೆರಿಕದ ತರುಣನ ಹಟದಿಂದ. ಸಮುದ್ರದ ಅಲೆಗಳ ಮೇಲೆ ಹಲಗೆಯಲ್ಲಿ ಜಾರುವ ಆಟದಲ್ಲಿ ಅವನಿಗೆ ಆಸಕ್ತಿ. ತನ್ನ ಆಟವನ್ನು ತಾನೇ ಚಿತ್ರಿಸಿಕೊಳ್ಳಬೇಕೆಂಬ ಆಸೆಯಿಂದ ೨೦೦೨ರಲ್ಲಿ ಗೋಪ್ರೊ ಕಂಪನಿಯನ್ನು ತೆರೆದನು. ೨೦೦೪ರಲ್ಲಿ ಅವನು ಮಾರಿದ ಮೊದಲನೆಯ ಕ್ಯಾಮೆರಾ ಮಣಿಕಟ್ಟಿಗೆ ಕಟ್ಟಿಕೊಳ್ಳುವಂಥದು. ಅದರೊಳಗೆ ಇದ್ದುದು ನಮ್ಮ ಕಾಲದ ಫಿಲ್ಮಿನ ಸುರುಳಿಯೇ. ಈಗ ಅನೇಕ ಕಂಪನಿಗಳು ಇವನ್ನು ತಯಾರಿಸುತ್ತವೆ. ನಾವು ಕೊಂಡುದು ಯಾವುದೆಂಬುದು ಇಲ್ಲಿ ಅಪ್ರಸ್ತುತ. ಸೋಪಿನ ಬಿಲ್ಲೆಗಿಂತ ದೊಡ್ಡದಲ್ಲ; ಚಿಕ್ಕಮಕ್ಕಳಿಗೂ ಭಾರವೆನಿಸದು. ಇಷ್ಟು ಸಣ್ಣ ವಸ್ತುವನ್ನು ಕಾರಿಗೆ ಅಂಟಿಸುವುದೆಷ್ಟರ ಕೆಲಸವೆಂದು ನಾವು ತಿಳಿದೆವು. ಎಡವಿದ್ದು ಇಲ್ಲಿಯೇ.

ಹೊರಡುವ ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಸಾಮಾನುಗಳನ್ನೆಲ್ಲ ಹರಡಿಕೊಂಡು ಕುಳಿತೆವು. ಮೆಮೊರಿ ಕಾರ್ಡಿನಲ್ಲಿದ್ದುದನ್ನು ಬೇರೆಡೆಗೆ ತೆಗೆದಿಟ್ಟು, ಕಾರ್ಡನ್ನು ಕ್ಯಾಮೆರಾದೊಳಗೇ ಹೊಸದಾಗಿ ಅಣಿಮಾಡಿದೆವು. ಕಾರ್ಡಿನ ಮೇಲೆ ‘ವಿ ೩೦’ ಎಂಬ ಗುರುತಿದ್ದಿತು. ಸೆಕೆಂಡಿಗೆ ಕಡಮೆಯೆಂದರೆ ೩೦ ಮೆಗಾಬೈಟಿನಷ್ಟು ಬರೆದುಕೊಳ್ಳಬಲ್ಲುದೆಂದು ಅದರ ಅರ್ಥ. ನಿಧಾನವಾದ ಕಾರ್ಡು ಹಾಕಿದರೆ ಚಿತ್ರವು ನಡುವೆಯೇ ನಿಂತುಹೋಗುವುದುಂಟು. ಎರಡು ಬ್ಯಾಟರಿಗಳನ್ನು ತುಂಬಿಸಿದೆವು. ಸೆಕೆಂಡಿಗೆ ಎಷ್ಟು ಚಿತ್ರವೆಂಬ ಲೆಕ್ಕವನ್ನೂ ಹಾಕಿದೆವು. ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ ಕಾರು ಒಂದು ಸೆಕೆಂಡಿನಲ್ಲಿ ಸುಮಾರು ೨೮ ಮೀಟರು ಸಾಗುತ್ತದೆ. ಸೆಕೆಂಡಿಗೆ ೩೦ ಚಿತ್ರವಾದರೆ ಎರಡು ಚಿತ್ರಗಳ ನಡುವೆ ೯೩ ಸೆಂಟಿಮೀಟರಿನಷ್ಟು ಹಾದಿ ಕಳೆದುಹೋಗುತ್ತದೆ. ೬೦ ಚಿತ್ರವಾದರೆ ೪೬ ಸೆಂಟಿಮೀಟರು ಮಾತ್ರ. ಕೈಯ ಚಲನೆಯನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕಾದ ನಮಗೆ ಅರುವತ್ತೇ ಸರಿಯೆಂದು ನಿಶ್ಚಯಿಸಿದೆವು.

ನಮ್ಮ ಮನೆಯವರು ಅವರೆಕಾಯಿ ಸುಲಿಯುತ್ತ ಇದನ್ನೆಲ್ಲ ನೋಡುತ್ತಿದ್ದರು. ಗಾಜಿಗೆ ಕಚ್ಚಿಕೊಳ್ಳುವ ರಬ್ಬರಿನ ಬಟ್ಟಲನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ, “ಇದು ಬಿಟ್ಟುಕೊಂಡರೆ?” ಎಂದರು.

“ಬಿಡುವುದಿಲ್ಲ. ಒಳಗಿನ ಗಾಳಿಯನ್ನೆಲ್ಲ ಹೊರಕ್ಕೆ ಒತ್ತಿದರೆ ಹೊರಗಿನ ಗಾಳಿಯೇ ಅದನ್ನು ಹಿಡಿದುಕೊಂಡಿರುತ್ತದೆ” ಎಂದೆವು.

“ನಮ್ಮ ತವರಿನಲ್ಲಿ ಬಾವಿಗೆ ಕೊಡ ಬಿಡುವಾಗ ಕುಣಿಕೆ ಎಷ್ಟು ಬಿಗಿಯಾಗಿದ್ದರೂ ಹಗ್ಗದ ಇನ್ನೊಂದು ತುದಿಯನ್ನು ರಾಟೆಯ ಕಂಬಕ್ಕೆ ಕಟ್ಟಿರುತ್ತಿದ್ದರು. ಕೈ ಜಾರಿದರೂ ಕೊಡ ಹೋಗಬಾರದಲ್ಲ. ಇದಕ್ಕೂ ಒಂದು ದಾರ ಕಟ್ಟಿಬಿಡಿ.”

ನಾವು ನಕ್ಕೆವು. ವಾಯುಭಾರದ ಶಾಸ್ತ್ರದ ಎದುರಿಗೆ ಬಾವಿಯ ಹಗ್ಗವೇ ಎಂಬುದು ಆ ನಗೆಯ ತಾತ್ಪರ್ಯ. ಅವರು ಮಾತನ್ನು ಬೆಳಸಲಿಲ್ಲ. ಮರುದಿನ ಚೀಲ ಬಿಚ್ಚಿದಾಗ ಅದರ ಮೂಲೆಯಲ್ಲಿ ಗಟ್ಟಿಯಾದ ನೈಲಾನ್ ದಾರದ ಉಂಡೆಯೊಂದು ಇದ್ದಿತು.

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರುಗಳನ್ನು ಹಾದು ಸುಮಾರು ೩೦೦ ಕಿಲೋಮೀಟರು ಹೋದರೆ ಶ್ರೀಪೆರುಂಬುದೂರು. ರಾಮಾನುಜಾಚಾರ್ಯರು ಹುಟ್ಟಿದ ಕ್ಷೇತ್ರ. ಅಲ್ಲಿಂದ ಚೆನ್ನೈ ಕಡೆಗೆ ತುಸು ದೂರದಲ್ಲಿ ಇರುಂಗಾಟ್ಟುಕೋಟೈ. ಓಟದ ಹಾದಿಯಿರುವುದು ಅಲ್ಲಿ. ದಕ್ಷಿಣದೇಶದಲ್ಲಿ ಈ ಆಟಕ್ಕೆ ಹಳೆಯ ಚರಿತ್ರೆಯಿದೆ. ೧೯೫೩ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಮೊದಮೊದಲು ಷೋಳಾವರಂ ಎಂಬಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನನಿಲ್ದಾಣದ ಮೇಲೆ, ಪಂದ್ಯಗಳನ್ನು ನಡೆಸುತ್ತಿದ್ದರು. ಬೆಂಗಳೂರು, ಕೊಯಮತ್ತೂರುಗಳ ಉತ್ಸಾಹಿಗಳೆಲ್ಲ ಅಲ್ಲಿಗೆ ಹೋಗಿ ಸೇರುತ್ತಿದ್ದರಂತೆ. ಆಮೇಲೆ ಕ್ಲಬ್ಬಿನವರು ಈ ಸ್ವಂತ ಹಾದಿಯನ್ನು ಕಟ್ಟಿಸಿದರು. ೧೯೯೦ರಲ್ಲಿ ಇದು ಬಳಕೆಗೆ ಬಂದಿತು. ಉದ್ದ ಸುಮಾರು ೩.೭ ಕಿಲೋಮೀಟರು, ತಿರುವುಗಳು ೧೨. ಈಗ ಇದಕ್ಕೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್ ಎಂದು ಹೆಸರು.

ನಾವು ಬೆಳಗ್ಗೆ ಏಳು ಗಂಟೆಗೆ ಅಲ್ಲಿದ್ದೆವು. ಹೊತ್ತು ಏರುವುದಕ್ಕೆ ಮುಂಚೆಯೇ ಹವೆ ಬಿಸಿಯಾಗಿದ್ದಿತು. ಮಗನು ಚಕ್ರಗಳ ಗಾಳಿಯನ್ನು ಅಳೆಯುತ್ತಿರಲು ನಾವು ಕಾರಿನೊಳಗೆ ಬಗ್ಗಿ ಕ್ಯಾಮೆರಾವನ್ನು ಮುಂಗಾಜಿನ ಮೇಲ್ಭಾಗದಲ್ಲಿ ನಡುವೆ ಕಚ್ಚಿಸಿದೆವು. ತನಿಖೆಯವರು ಒಂದೊಂದೇ ಕಾರನ್ನು ನೋಡುತ್ತ ನಮ್ಮಲ್ಲಿಗೂ ಬಂದರು. ಕಾರಿನೊಳಗೆ ಸಡಿಲವಾದ ವಸ್ತು ಒಂದೂ ಇರಕೂಡದೆಂದು ಹೇಳಿ, ಕಾಲುಹಾಸನ್ನೂ ನೀರಿನ ಬಾಟಲನ್ನೂ ತೆಗೆಯಿಸಿದರು. ಕ್ಯಾಮೆರಾವನ್ನು ಕೈಯಿಂದ ಅಲ್ಲಾಡಿಸಿ ನೋಡಿ, “ದಾರ ಕಟ್ಟುವಿರಷ್ಟೆ?” ಎಂದು ಕೇಳಿದರು. “ಈಗಲೇ ಕಟ್ಟುತ್ತೇವೆ” ಎಂದೆವು. ಅಷ್ಟರಲ್ಲಿ ಮಗನ ಗುಂಪಿನವರಿಗೆ ಕರೆ ಬಂದಿತು. ಒಂದೊಂದು ಗುಂಪಿಗೆ ಹದಿನೈದು ನಿಮಿಷವಷ್ಟೆ. ತಡವಾದರೆ ಹಣ ಕೊಟ್ಟ ಹೊತ್ತು ಹೋಗುತ್ತದೆ. ಕ್ಯಾಮೆರಾದ ಗುಂಡಿಯೊತ್ತಿ, ಕೆಂಪು ದೀಪ ಮಿನುಗಿದುದನ್ನು ನೋಡಿ, ಬಾಗಿಲು ಹಾಕಿದೆವು. ದಾರದ ಉಂಡೆ ಚೀಲದಲ್ಲಿಯೇ ಉಳಿಯಿತು.

ಮೂರು ಸುತ್ತು ಕಾರು ನಮ್ಮ ಮುಂದೆ ಹಾದುಹೋಯಿತು. ನಾಲ್ಕನೆಯ ಸುತ್ತಿನಲ್ಲಿ ಬರಲಿಲ್ಲ. ಅವನ ಹಿಂದೆ ಇದ್ದವರು ಬಂದರು, ಅವರ ಹಿಂದಿನವರೂ ಬಂದರು. ಆ ಅರ್ಧ ನಿಮಿಷವನ್ನು ನಾವು ಮರೆಯುವಂತಿಲ್ಲ. ಆಮೇಲೆ ದೂರದಲ್ಲಿ ನಮ್ಮ ಕಾರು ಹಾದಿಯ ಅಂಚನ್ನು ಹಿಡಿದು, ಎಚ್ಚರಿಕೆಯ ದೀಪಗಳನ್ನು ಮಿಟುಕಿಸುತ್ತ, ಎತ್ತಿನಗಾಡಿಯಂತೆ ನಿಧಾನವಾಗಿ ಬರುವುದು ಕಂಡಿತು. ಒಳಕ್ಕೆ ಬಂದು ನಿಂತಿತು. ಮಗನು ಹೆಲ್ಮೆಟ್ ತೆಗೆದು, ಒಂದು ಮಾತೂ ಆಡದೆ, ಕಾಲಬುಡದಿಂದ ಕ್ಯಾಮೆರಾವನ್ನೆತ್ತಿ ನಮ್ಮ ಕೈಯಲ್ಲಿಟ್ಟನು.

ನಡೆದುದು ಇಷ್ಟು. ಬ್ರೇಕು ಹಾಕಿದಾಗ ಕ್ಯಾಮೆರಾ ಗಾಜಿನಿಂದ ಬಿಟ್ಟು ಕೆಳಗಿನ ಹಲಗೆಯ ಮೇಲೆ ಬಿದ್ದಿತು. ಕೂಡಲೇ ಎಡಕ್ಕೊಂದು ತಿರುವು. ಕಾರು ಎಡಕ್ಕೆ ತಿರುಗಿದಾಗ ಒಳಗಿನ ಸಡಿಲ ವಸ್ತು ಬಲಕ್ಕೆ ಸರಿಯುವುದು ಸಹಜ. ನಮ್ಮ ದೇಶದಲ್ಲಿ ಓಡಿಸುವವನು ಕುಳಿತಿರುವುದೂ ಬಲಕ್ಕೇ. ಕ್ಯಾಮೆರಾ ಜಾರಿ ಅವನ ಪಾದಗಳ ನಡುವೆ ಬಿದ್ದು ಬ್ರೇಕಿನ ಕಡೆಗೆ ಉರುಳಿತು. ಅದು ಬ್ರೇಕಿನ ಮೆಟ್ಟಿನ ಕೆಳಗೆ ಸಿಕ್ಕಿಕೊಂಡಿದ್ದರೆ, ಮುಂದಿನ ತಿರುವಿನಲ್ಲಿ ಮೆಟ್ಟು ಕೆಳಗಿಳಿಯುತ್ತಿರಲಿಲ್ಲ. ಮಗನು ಹಿಮ್ಮಡಿಯಿಂದ ಅದನ್ನು ಹಿಂದಕ್ಕೆ ತಳ್ಳಿ, ವೇಗವಿಳಿಸಿ, ಹಾದಿಯ ಪಕ್ಕಕ್ಕೆ ಸರಿದನು. ಕಾರನ್ನು ಕಾಯಲೆಂದು ಇಟ್ಟ ಕಣ್ಣೇ ಕಾರಿಗೆ ಗಂಡಾಂತರವನ್ನು ತಂದಿತ್ತು. ತಂದವರು ನಾವು.

ಬಟ್ಟಲು ಏಕೆ ಬಿಟ್ಟುಕೊಂಡಿತೆಂಬುದನ್ನೂ ಆಗ ಕಂಡುಕೊಂಡೆವು. ಮುಂಗಾಜಿನ ಅಂಚಿನಲ್ಲಿ ಕಪ್ಪುಪಟ್ಟಿಯೂ ಅದರ ಕೆಳಗೆ ಸಣ್ಣ ಸಣ್ಣ ಚುಕ್ಕೆಗಳೂ ಇರುವುದನ್ನು ವಾಚಕರು ನೋಡಿರಬಹುದು. ಒಳಗಡೆ ಮುಟ್ಟಿ ನೋಡಿದರೆ ಅದು ನುಣುಪಾಗಿರುವುದಿಲ್ಲ. ನಮ್ಮ ಬಟ್ಟಲಿನ ಒಂದು ಅಂಚು ಆ ಚುಕ್ಕೆಗಳ ಮೇಲೆ ಕುಳಿತಿತ್ತು. ಆ ಸಂದುಗಳಿಂದ ಗಾಳಿಯು ಮೆಲ್ಲಮೆಲ್ಲನೆ ಒಳಸೇರಿತು. ಗಾಜನ್ನು ಒರೆಸಿದ್ದರೂ ಸ್ಪಿರಿಟಿನಿಂದ ಜಿಡ್ಡು ತೆಗೆದಿರಲಿಲ್ಲ. ಬಿಸಿಲು ಒಳಗೆ ಉಳಿದಿದ್ದ ಚೂರು ಗಾಳಿಯನ್ನು ಹಿಗ್ಗಿಸಿತು. ನಿಂತ ಕಾರಿನಲ್ಲಿ ಕೈಯಿಂದ ಅಲ್ಲಾಡಿಸಿದಾಗ ಹಿಡಿದಿದ್ದ ಬಟ್ಟಲು, ಅದುರುವ ಕಾರಿನಲ್ಲಿ ಹತ್ತು ನಿಮಿಷ ಹಿಡಿಯಲಾರದೆ ಹೋಯಿತು. ವಾಯುಭಾರದ ಶಾಸ್ತ್ರದಲ್ಲಿ ತಪ್ಪಿರಲಿಲ್ಲ. ಅದನ್ನು ಅರ್ಧ ಬಲ್ಲ ನಮ್ಮಲ್ಲಿ ತಪ್ಪಿದ್ದಿತು. ತನಿಖೆಯವರಲ್ಲಿಗೆ ನಾವೇ ಹೋಗಿ, ದಾರ ಕಟ್ಟುವೆವೆಂದು ಹೇಳಿ ಕಟ್ಟಲಿಲ್ಲವೆಂದು ಒಪ್ಪಿಕೊಂಡೆವು. ಅವರು ಬಯ್ಯಲಿಲ್ಲ. “ಇನ್ನು ಮುಂದೆ ಕಟ್ಟಿ ತೋರಿಸಿಯೇ ಹೋಗಿರಿ” ಎಂದರು. ಬಯ್ದಿದ್ದರೆ ಇದಕ್ಕಿಂತ ಹಗುರವೆನಿಸುತ್ತಿತ್ತು.

ಕ್ಯಾಮೆರಾದ ಗೊಡವೆಯೇ ಬೇಡವೆಂದೆವು. ಮಗನು ಒಪ್ಪಲಿಲ್ಲ. “ಅಪ್ಪ, ಕಾರಣ ತಿಳಿಯದೆ ಹಿಂದಿರುಗಿದರೆ ಅಮ್ಮನಿಗೆ ಏನು ಹೇಳುತ್ತೀರಿ?” ಎಂದನು. ಆದುದರಿಂದ ಎರಡನೆಯ ಬಾರಿ ಮೊದಲಿನಿಂದ ಆರಂಭಿಸಿದೆವು. ಈ ಸಲ ಗಾಜನ್ನು ಬಿಟ್ಟು, ಎಡಗಡೆಯ ಸೀಟಿನ ತಲೆದಿಂಬನ್ನು ಹೊತ್ತ ಎರಡು ಕಬ್ಬಿಣದ ಸಲಾಕೆಗಳನ್ನು ಆಶ್ರಯಿಸಿದೆವು. ಅವಕ್ಕೆ ತಿರುಪಿನ ಹಿಡಿಕೆಯೊಂದನ್ನು ಬಿಗಿದು ಕ್ಯಾಮೆರಾ ಕೂರಿಸಿದೆವು. ಹಿಡಿಕೆಯ ತೋಳು ಉದ್ದವಾದಷ್ಟೂ ತುದಿಯಲ್ಲಿ ನಡುಕ ಹೆಚ್ಚು. ಆದುದರಿಂದ ತೋಳಿನ ತುಂಡುಗಳನ್ನು ಕಳಚಿ ಗಿಡ್ಡವಾಗಿಸಿದೆವು. ತಲೆದಿಂಬು ಅಲುಗದಂತೆ ಅದಕ್ಕೂ ಸೀಟಿಗೂ ನಡುವೆ ಮಡಿಸಿದ ಬಟ್ಟೆಯನ್ನು ತುರುಕಿದೆವು. ಈ ನಡುಕವು ಸಾಮಾನ್ಯವಾದುದಲ್ಲ. ಇಂಥ ಕ್ಯಾಮೆರಾ ಒಂದು ಚಿತ್ರವನ್ನು ಒಮ್ಮೆಗೇ ಹಿಡಿಯುವುದಿಲ್ಲ. ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದಿಕೊಳ್ಳುತ್ತದೆ. ಅಷ್ಟರಲ್ಲಿ ಎಂಜಿನಿನ ಅದುರು ಅದನ್ನು ಅಲ್ಲಾಡಿಸಿದರೆ ನೆಟ್ಟನೆಯ ಕಂಬವೂ ನೀರಿನೊಳಗಿನ ನೆರಳಿನಂತೆ ಬಳುಕುತ್ತದೆ. ಕಡೆಗೆ ನೈಲಾನ್ ದಾರವನ್ನು ತೆಗೆದು ಕ್ಯಾಮೆರಾದ ಚೌಕಟ್ಟಿಗೂ ಸಲಾಕೆಗೂ ಸೇರಿಸಿ ಎರಡು ಗಂಟು ಹಾಕಿದೆವು. ಬಿದ್ದರೂ ಮುಂದಿನ ಸೀಟನ್ನು ದಾಟದಷ್ಟು ಚಿಕ್ಕದಾಗಿ. ತನಿಖೆಯವರು ಬಂದು ಗಂಟನ್ನು ಎಳೆದು ನೋಡಿ ತಲೆಯಾಡಿಸಿದರು.

ಎರಡನೆಯ ಸರದಿಯ ಚಿತ್ರವನ್ನು ನೆರಳಿನಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಕ್ಯಾಮೆರಾ ನಿಂತಿತ್ತು, ಆದರೆ ಚಿತ್ರ ಕೆಟ್ಟಿತ್ತು. ದೋಷಗಳು ಎರಡು. ಮೊದಲನೆಯದು, ಕಾರಿನೊಳಗೆಲ್ಲ ಚೆನ್ನಾಗಿ ಕಾಣುತ್ತಿತ್ತು, ಗಾಜಿನಾಚೆಗೆ ಹಾದಿಯೇ ಇರಲಿಲ್ಲ. ಸುಣ್ಣ ಬಳಿದಂತೆ ಬರಿಯ ಬಿಳುಪು. ಚಿತ್ರದ ಬಹುಭಾಗವು ಕತ್ತಲೆಯ ಒಳಭಾಗವಾದುದರಿಂದ ಕ್ಯಾಮೆರಾ ತನ್ನ ಬುದ್ಧಿಯಿಂದ ಬೆಳಕನ್ನು ಹೆಚ್ಚಿಸಿಕೊಂಡಿತ್ತು. ಬೆಳಕಿನ ಮಟ್ಟವನ್ನು ಒಂದು ಮೆಟ್ಟಲು ಇಳಿಸಿ ಇದನ್ನು ಸರಿಪಡಿಸಿದೆವು. ಎರಡನೆಯದು ವಿಚಿತ್ರ. ಪ್ರತಿಯೊಂದು ತಿರುವಿನಲ್ಲಿಯೂ ಕಾರಿನ ಒಳಭಾಗವೇ ಉಯ್ಯಾಲೆಯಂತೆ ಪಕ್ಕಕ್ಕೆ ತೂಗಿ ಮತ್ತೆ ನೆಟ್ಟಗಾಗುತ್ತಿತ್ತು. ಇದು ಕೈನಡುಕವನ್ನು ಅಡಗಿಸುವ ಏರ್ಪಾಡಿನ ಚೇಷ್ಟೆ. ಕ್ಯಾಮೆರಾದೊಳಗೆ ತಿರುಗುವಿಕೆಯನ್ನು ಅಳೆಯುವ ಸಾಧನವಿದೆ. ಕ್ಯಾಮೆರಾ ಬಲಕ್ಕೆ ತಿರುಗಿದರೆ ಚಿತ್ರವನ್ನು ಎಡಕ್ಕೆ ಸರಿಸಿ ಸಮಮಾಡುತ್ತದೆ. ನಡೆಯುತ್ತ ಚಿತ್ರ ತೆಗೆಯುವವನಿಗೆ ಇದು ಉಪಕಾರ. ಕಾರಿನಲ್ಲಾದರೋ ಕ್ಯಾಮೆರಾವೂ ಕಾರೂ ಒಟ್ಟಿಗೆ ತಿರುಗುತ್ತವೆ. ಸಾಧನಕ್ಕೆ ಈ ಭೇದ ತಿಳಿಯದು. ಕಾರು ಹಾದಿಯನ್ನನುಸರಿಸಿ ತಿರುಗಿದುದನ್ನು ಅದು ಕೈಯ ನಡುಕವೆಂದೇ ಎಣಿಸಿ ತಿದ್ದಲು ಹೋಗುತ್ತದೆ. ಆ ಏರ್ಪಾಡನ್ನು ನಿಲ್ಲಿಸಿಬಿಟ್ಟೆವು. ಲೆನ್ಸಿನ ನೋಟವನ್ನೂ ಒಂದಿಷ್ಟು ಕಿರಿದುಗೊಳಿಸಿದೆವು. ತೀರ ಅಗಲವಾದ ನೋಟದಲ್ಲಿ ಮುಂದಿನ ತಿರುವು ಇರುವುದಕ್ಕಿಂತ ದೂರವಾಗಿಯೂ ಚಿಕ್ಕದಾಗಿಯೂ ತೋರುತ್ತದೆ.

ಶಬ್ದವನ್ನು ಹಿಡಿಯುವುದು ಬೇಡವೆಂದು ನಮಗೆ ತೋರಿದ್ದಿತು. ಬರಿಯ ಗದ್ದಲವಲ್ಲವೇ ಎಂದೆವು. ಪಕ್ಕದ ಕಾರಿನ ಹಿರಿಯರೊಬ್ಬರು, ತಲೆ ನರೆತವರು, ಹಾಗೆ ಮಾಡಬೇಡಿರೆಂದರು. “ಈ ಕ್ಯಾಮೆರಾಕ್ಕೆ ಕೈ ಕಾಣುತ್ತದೆ, ಕಾಲು ಕಾಣುವುದಿಲ್ಲ. ಕಾಲಿನ ಸಾಕ್ಷಿಯನ್ನು ಎಂಜಿನಿನ ದನಿಯೇ ಹೇಳಬೇಕು” ಎಂಬುದು ಅವರ ಮಾತು. ಆ ಮಾತು ಎಷ್ಟು ನಿಜವೆಂಬುದು ರಾತ್ರಿ ತಿಳಿಯಿತು.

ರಾತ್ರಿ ವಸತಿಗೃಹದಲ್ಲಿ ಮೂರನೆಯ ಮತ್ತು ನಾಲ್ಕನೆಯ ಸರದಿಗಳ ಚಿತ್ರವನ್ನು ಹಾಕಿಕೊಂಡು ಕುಳಿತೆವು. ಕೈ, ಸ್ಟಿಯರಿಂಗು, ಗಾಜಿನಾಚೆಯ ಹಾದಿ ಎಲ್ಲವೂ ಸ್ಪಷ್ಟವಾಗಿದ್ದುವು. ದೀಪಾವಳಿಗೆ ಮೊದಲು ಕಾರು ಸುತ್ತಿದ ಆ ತಿರುವು ಬಂದಾಗ ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಮೂರನೆಯ ಸರದಿಯಲ್ಲಿ ವಿಶೇಷವೇನೂ ನಡೆಯಲಿಲ್ಲ. ನಾಲ್ಕನೆಯದರಲ್ಲಿ, ತಿರುವಿನ ನಡುವೆ, ಕಾರಿನ ಹಿಂಭಾಗ ಒಂದು ಗೇಣಿನಷ್ಟು ಹೊರಕ್ಕೆ ಜಾರಿತು. ಮಗನ ಕೈಗಳು ಥಟ್ಟನೆ ತಿರುಗಿ ಅದನ್ನು ಹಿಡಿದುವು. “ನೋಡಿದಿರಾ, ಇಲ್ಲಿಯೇ ಬ್ರೇಕು ಎಳೆಯಿತು” ಎಂದನು. ಹಿಂದಕ್ಕೆ ಸರಿಸಿ ಇನ್ನೊಮ್ಮೆ ನೋಡಿದೆವು. ಮೂರನೆಯ ಬಾರಿ ಅವನೇ, “ಅಪ್ಪ, ಕಣ್ಣು ಮುಚ್ಚಿಕೊಂಡು ಕೇಳಿರಿ” ಎಂದನು.

ಕೇಳಿದೆವು. ಏರುತ್ತಿದ್ದ ಎಂಜಿನಿನ ದನಿ ತಟಕ್ಕನೆ ಕುಸಿಯಿತು. ಆಮೇಲೆ ಚಕ್ರಗಳ ಕೀರಲು. ಜಾರುವುದಕ್ಕೆ ಮೊದಲೇ ದನಿ ಇಳಿದಿತ್ತು. ಅಂದರೆ ತಿರುವಿನ ನಡುವೆ ವೇಗ ಹೆಚ್ಚಾಯಿತೆಂದು ಅಂಜಿ ಅವನು ಆಕ್ಸಿಲರೇಟರಿನಿಂದ ಕಾಲನ್ನು ಒಮ್ಮೆಗೇ ಎತ್ತಿಬಿಟ್ಟಿದ್ದನು. ಹಾಗೆ ಎತ್ತಿದಾಗ ಕಾರಿನ ಭಾರವು ಮುಂದಿನ ಚಕ್ರಗಳ ಮೇಲೆ ವಾಲುತ್ತದೆ, ಹಿಂದಿನವು ಹಗುರಾಗುತ್ತವೆ. ಹಗುರಾದ ಚಕ್ರಕ್ಕೆ ನೆಲದ ಹಿಡಿತ ಸಾಲದೆ ಹಿಂಭಾಗವು ಹೊರಕ್ಕೆ ಜಾರುತ್ತದೆ. ಬ್ರೇಕಿನ ಮಾತೇ ಅಲ್ಲಿರಲಿಲ್ಲ. ಮಗನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, “ಮೆಕ್ಯಾನಿಕ್ಕನ ಮೇಲೆ ಸುಮ್ಮನೆ ರೇಗಿದೆ” ಎಂದನು. ಹಿಂದಿರುಗಿದ ದಿನವೇ ಅವನ ಅಂಗಡಿಗೆ ಹೋಗಿ ಹಾಗೆಂದು ಹೇಳಿ ಬಂದನೆಂಬುದನ್ನು ಇಲ್ಲಿ ಸೇರಿಸಲು ನಮಗೆ ಸಂತೋಷ.

ಮಗನ ತಪ್ಪು ಹೊರಬಿದ್ದಿತು, ನಮ್ಮದು ಬಾಕಿಯಿತ್ತು. ಮೊದಲನೆಯ ಸರದಿಯ ಚಿತ್ರವೂ ಕಾರ್ಡಿನಲ್ಲಿ ಭದ್ರವಾಗಿಯೇ ಇದ್ದಿತು. ಅದರ ಆರಂಭದಲ್ಲಿಯೇ ಕಾಣುವುದು ನಮ್ಮ ಮುಖ: ಗುಂಡಿಯೊತ್ತಿ ಕೆಂಪು ದೀಪವನ್ನು ನೋಡುತ್ತಿರುವ ಮುಖ. ನಾವು ಆಗ ಅತ್ಯಂತ ಎಚ್ಚರಿಕೆಯಿಂದ ಇದ್ದೆವೆಂದೇ ನಮ್ಮ ನೆನಪು. ಚಿತ್ರದಲ್ಲಿ ಕಂಡವರಾದರೋ ಹಣೆಯಲ್ಲಿ ಬೆವರಿಳಿಸುತ್ತ, “ಹೊತ್ತಾಯಿತು, ಹೊತ್ತಾಯಿತು” ಎಂದು ಗೊಣಗುತ್ತಿದ್ದ ಒಬ್ಬ ಅವಸರದ ಮುದುಕರು. ಹಿಂದಿನಿಂದ ಮಗನ ದನಿ ಕೇಳುತ್ತದೆ: “ಅಪ್ಪ, ದಾರ?” ಮುದುಕರು ಹೇಳುತ್ತಾರೆ: “ಏನೂ ಆಗುವುದಿಲ್ಲ ಹೋಗು.” ಮಗನು ಹಾಗೆ ಕೇಳಿದುದೂ ನಾವು ಹೀಗೆ ಹೇಳಿದುದೂ ನಮ್ಮ ಮನಸ್ಸಿನಿಂದ ಪೂರ್ತಿಯಾಗಿ ಅಳಿಸಿಹೋಗಿದ್ದುವು. ಆಮೇಲೆ ಮೂರು ಸುತ್ತಿನ ಹಾದಿ, ಒಂದು ಪಲ್ಟಿ, ಕಾರಿನ ಚಾವಣಿ, ಕತ್ತಲೆ, ಕತ್ತಲೆಯಲ್ಲಿ ಮಗನ ಬೂಟಿನ ಅಂಚು, ಅದರ ಪಕ್ಕದಲ್ಲಿ ಬ್ರೇಕಿನ ಮೆಟ್ಟು.

ಈ ಭಾಗವನ್ನು ಅಳಿಸಿಬಿಡೋಣವೆಂದು ನಮಗೆ ಬಲವಾಗಿ ಅನಿಸಿತು. ಮನೆಯವರಿಗೆ ಸುಮ್ಮನೆ ಗಾಬರಿಯೇಕೆ ಎಂಬುದು ನಾವು ಹೇಳಿಕೊಂಡ ಕಾರಣ. ನಿಜವಾದ ಕಾರಣವನ್ನು ವಾಚಕರು ಊಹಿಸಬಲ್ಲರು. ಮಗನು, “ನನ್ನದನ್ನು ಅಳಿಸುತ್ತೇವೆಯೇ?” ಎಂದಷ್ಟೇ ಕೇಳಿದನು. ಅಳಿಸಲಿಲ್ಲ.

ಭಾನುವಾರ ಸಂಜೆ ಮನೆಯಲ್ಲಿ ಎಲ್ಲವನ್ನೂ ತೋರಿಸಿದೆವು. ನೋಡಲಾರೆನೆಂದು ಮೊದಲೇ ಹೇಳಿದ್ದ ನಮ್ಮ ಮನೆಯವರು, ಬಾಗಿಲ ಬಳಿ ನಿಂತು, ಆಮೇಲೆ ಮೊಗ್ಗಿನ ಬುಟ್ಟಿಯನ್ನು ಹಿಡಿದು ಬಂದು ಕುಳಿತರು. ಅವರು ಹಾದಿಯನ್ನು ನೋಡಲಿಲ್ಲವೆಂದು ನಮಗೆ ತೋರುತ್ತದೆ. ಮಗನ ಕೈಗಳನ್ನೇ ನೋಡುತ್ತಿದ್ದರು. “ಇಷ್ಟು ಸಮಾಧಾನವಾಗಿ ಓಡಿಸುತ್ತೀಯೇನೋ!” ಎಂದು ಒಮ್ಮೆ ಅಚ್ಚರಿಪಟ್ಟರು. ಕಾಲೆತ್ತಿದ ಸಂಗತಿಯನ್ನು ಮಗನು ವಿವರಿಸಲು ಶ್ರದ್ಧೆಯಿಂದ ಕೇಳಿ, “ಇನ್ನು ಮೇಲೆ ನಡುವೆ ಹೆದರಿಕೊಳ್ಳಬೇಡ, ಹೆದರುವುದಾದರೆ ತಿರುವಿಗೆ ಮೊದಲೇ ಹೆದರಿಕೋ” ಎಂದರು. ಬಹುದಿನ ಈ ಆಟವನ್ನು ಕಲಿಸಿದವರೂ ಇದಕ್ಕಿಂತ ಚೆನ್ನಾಗಿ ಹೇಳಲಾರರೆಂದು ಮಗನ ಅಭಿಪ್ರಾಯ.

ಕಡೆಗೆ ಮೊದಲನೆಯ ಸರದಿಯ ಚಿತ್ರ ಬಂದಿತು. “ಏನೂ ಆಗುವುದಿಲ್ಲ ಹೋಗು” ಎಂಬುದನ್ನು ಕೇಳಿದರು. ಬೂಟನ್ನೂ ಬ್ರೇಕನ್ನೂ ಕಂಡರು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಾವು ತಲೆತಗ್ಗಿಸಿ ಕಾದು ಕುಳಿತೆವು. ಅವರು ಬುಟ್ಟಿಯನ್ನು ಕೆಳಗಿಟ್ಟು, ಮೇಜಿನ ಮೇಲಿದ್ದ ಕ್ಯಾಮೆರಾವನ್ನು ಎತ್ತಿಕೊಂಡರು. ನೈಲಾನ್ ದಾರವು ಇನ್ನೂ ಅದಕ್ಕೆ ತೂಗಾಡುತ್ತಿತ್ತು. ಗಂಟನ್ನು ಬೆರಳಿನಿಂದ ಮುಟ್ಟಿ, ಉಗುರಿನಿಂದ ಕೆದಕಿ, “ಈ ಗಂಟು ಜಾರುತ್ತದೆ” ಎಂದು ಅದನ್ನು ಬಿಚ್ಚಿ, ತಮ್ಮ ತವರಿನ ಬಾವಿಯ ಗಂಟನ್ನು ಹಾಕಿ, ನಮ್ಮ ಕೈಗೆ ಕೊಟ್ಟರು.

“ಮುಂದಿನ ಸಲ ಹೋಗುವಾಗ ನೀವೇ ಹಾಕಬೇಕಲ್ಲ; ಹಾಕುವುದು ಹೇಗೆಂದು ನೋಡಿಕೊಳ್ಳಿ” ಎಂದರು.

ಆ ಸಂಜೆ ಆ ಗಂಟನ್ನು ಹತ್ತು ಸಲ ಕಟ್ಟಿ ಬಿಚ್ಚಿ ಕಲಿತೆವು.